ಸ್ಥಳದ ಸದ್ಯದ ಸ್ಥಿತಿ

ನನ್ನ ಅಕ್ಷರ ಚೆನ್ನಾಗಿತ್ತು. ಜಂಬಕ್ಕೆ ಹೇಳುತ್ತಿಲ್ಲ. ನಾನು ಮಾಡಿದ ಒಂದು ಕೆಲಸವನ್ನು ಹೇಳಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು, ಅದಕ್ಕೆ ಹೇಳಿದೆ.

ಆಗ ನಾನು ಕುರುಗೋಡಿನ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಧೂಳು ಹೊತ್ತುಕೊಂಡು ಬರುತ್ತಿದ್ದೆ. ಬಂದು ಕೈಕಾಲು ತೊಳೆಯುವುದರೊಳಗೆ ಜಗುಲಿಯ ಮೇಲೆ ಯಾರಾದರೊಬ್ಬರು ಬಿಳಿ ಹಾಳೆ ಹಿಡಿದು ಕುಳಿತಿರುತ್ತಿದ್ದರು. ಬೀದಿ ದೀಪ ಕೆಟ್ಟಿದೆ, ಮಗಳಿಗೆ ಹಾಸ್ಟೆಲಿನಲ್ಲಿ ಸೀಟು ಬೇಕು, ತಮ್ಮನಿಗೆ ವರ್ಗಾವಣೆ ಆಗಬೇಕು, ಏನಿದ್ದರೂ ಅರ್ಜಿ ನನ್ನದೇ. "ಸಾರ್, ನೀವು ಬರದ ಅರ್ಜಿ ವಾಪಸ್ ಬರಂಗಿಲ್ರಿ" ಎನ್ನುತ್ತಿದ್ದರು. ಹೊಗಳಿದರೆ ಉಬ್ಬದ ಮೇಷ್ಟ್ರು ಇನ್ನೂ ಹುಟ್ಟಿಲ್ಲ, ನಾನೂ ಉಬ್ಬುತ್ತಿದ್ದೆ. ನನ್ನ ಹೆಂಡತಿ ಮಾತ್ರ ಉಬ್ಬುತ್ತಿರಲಿಲ್ಲ. "ಅಡಿಗಿಮನಿ ಮಾಳಿಗಿ ಸೋರಾಕತ್ತೈತಿ, ಅದಕ್ಕೂ ಒಂದು ಅರ್ಜಿ ಬರೀರಿ, ತಾನ ನಿಂದರ್ತೈತಿ" ಎಂದು ಒಳಗಿನಿಂದ ಕೂಗುತ್ತಿದ್ದಳು.

ನಮ್ಮ ಬೀದಿಯ ಕೊನೆಯಲ್ಲಿ, ಬಡಾವಣೆ ಮಾಡಿದವರು ಪಾರ್ಕಿಗೆಂದು ಬಿಟ್ಟ ಒಂದು ತುಂಡು ಜಾಗವಿತ್ತು. ಪಾರ್ಕು ನಕ್ಷೆಯಲ್ಲಿ ಮಾತ್ರ ಹಸಿರಾಗಿತ್ತು. ನೆಲದ ಮೇಲೆ ಕಲ್ಲು, ಜಾಲಿಮುಳ್ಳು, ಕಿತ್ತುಹೋದ ಚಪ್ಪಲಿಗಳು. ನಾವು ಆ ಬೀದಿಗೆ ಬಂದ ವರ್ಷವೇ ಗಾದಿ ಸಾಬರೂ ಆ ಜಾಗಕ್ಕೆ ಬಂದರು. ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಆಗ ಅವರಿಗೆ ಐವತ್ತರ ಮೇಲಾಗಿತ್ತು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಹಳೆಯ ಗಾದಿಗಳನ್ನು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಆಳೆತ್ತರದ ಬಿಲ್ಲಿನಿಂದ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುವುದು ಅವರ ಕಸುಬು. ಬಿಲ್ಲಿನ ನರಕ್ಕೆ ಮರದ ಗುಂಡಿನಿಂದ ಹೊಡೆದರೆ ಬೀದಿಗೆಲ್ಲ ಟಂಯ್ ಟಂಯ್ ಎಂದು ಕೇಳುತ್ತಿತ್ತು.

ಈ ಕಸುಬಿಗೆ ಬೇಕಾದ್ದು ಎರಡೇ: ನೆರಳು, ಗಾಳಿಗೆ ಅಡ್ಡ. ಬಿಸಿಲಲ್ಲಿ ಮನುಷ್ಯ ಕೂರಲಾರ, ಗಾಳಿಯಲ್ಲಿ ಹತ್ತಿ ನಿಲ್ಲಲಾರದು. ಅವರಿಗಿದ್ದದ್ದು ಕೌಲ್‌ಬಜಾರಿನ ಒಂದು ಬಾಡಿಗೆ ಕೋಣೆ. ಅಲ್ಲಿ ಹಿಂಜಿದರೆ ಹೆಂಡತಿಗೆ ಕೆಮ್ಮು ಬರುತ್ತಿತ್ತು, ಮನೆಯ ಯಜಮಾನನ ಬೈಗುಳವೂ ಬರುತ್ತಿತ್ತು. ಹಾಗಾಗಿ ಬಿಲ್ಲು ಹೆಗಲಿಗೇರಿಸಿ ಊರೆಲ್ಲ ತಿರುಗಿ ಕೊನೆಗೆ ನಮ್ಮ ಪಾರ್ಕಿನ ಜಾಗದ ಒಂದು ಬದಿಗಿದ್ದ ಗೋಡೆಯ ಮಗ್ಗುಲಿಗೆ ಬಂದು ಕೂತಿದ್ದರು. ಒಂದು ಮಳೆಗಾಲದಲ್ಲಿ ಕೊಳಗಲ್ಲಿನ ತಮ್ಮ ಬೀಗರ ಹೊಲದಿಂದ ಏಳು ಬೇವಿನ ಸಸಿಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿ ತಂದರು. ತಾವೇ ಗುಂಡಿ ತೋಡಿದರು. ನಾನು ಬಸ್ಸಿಳಿದು ಬರುವಾಗ ನಿಂತು ಕೇಳಿದೆ.

"ಕುಂದ್ರಾಕ ಒಂದು ನೆಳ್ಳು ಬೇಕಲ್ರಿ ಸಾರ್. ಯಾರರ ಕೊಡ್ತಾರಂತ ಕಾಕ್ಕೊಂತ ಕುಂತ್ರ ಮುದುಕ ಆಕ್ಕೀನಿ. ಅದಕ್ಕ ನಾನ ಹಚ್ಚಾಕತ್ತೀನಿ" ಎಂದರು.

ಸಸಿ ಹಚ್ಚುವುದೇನೋ ಆಯಿತು, ನೀರು? ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂದು ನಾವೇ ನಗಾಡುತ್ತೇವೆ. ನಮ್ಮ ಬೀದಿಯ ನಲ್ಲಿಗೆ ದಿನ ಬಿಟ್ಟು ದಿನ ನೀರು. ಅದರಲ್ಲೂ ನಲ್ಲಿ ತಿರುವಿದ ಕೂಡಲೇ ಬರುವ ಮೊದಲ ಕೊಡ ತುಕ್ಕಿನಿಂದ ಕೆಂಪಗಿರುತ್ತಿತ್ತು. ಯಾರೂ ಅದನ್ನು ಮನೆಗೆ ಒಯ್ಯುತ್ತಿರಲಿಲ್ಲ, ಚರಂಡಿಗೆ ಚೆಲ್ಲುತ್ತಿದ್ದರು. ಒಂದು ದಿನ ಗಾದಿ ಸಾಬರು ನಲ್ಲಿಯ ಹತ್ತಿರ ಬಂದು ನನ್ನ ಹೆಂಡತಿಗೆ, "ಅಕ್ಕಾ, ಆ ಕೆಂಪ ನೀರು ಚೆಲ್ಲಬ್ಯಾಡ್ರಿ. ಗಿಡಕ್ಕ ಹಾಕ್ರಿ, ಅದಕ್ಕ ಮಡಿಮೈಲಿಗಿ ಇಲ್ಲ" ಎಂದರು. ಅವಳು ನಕ್ಕು ಒಯ್ದು ಹಾಕಿದಳು. ಮರುದಿನ ಪಕ್ಕದ ಮನೆಯವಳು. ತಿಂಗಳೊಪ್ಪತ್ತಿನಲ್ಲಿ ಅದು ಬೀದಿಯ ಕಟ್ಟಳೆಯೇ ಆಯಿತು: ಮೊದಲ ಕೊಡ ಗಿಡಕ್ಕೆ. ಯಾರ ಮನೆಯ ಪಾಳಿ ಯಾವ ಗಿಡಕ್ಕೆ ಎಂದೂ ಗೊತ್ತಾಯಿತು. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಮನೆಯ ಯಜಮಾನರು ಈ ಮಾತನ್ನು ಮೊದಲು ಹೇಳಿ ಆಮೇಲೆ ಬಾಡಿಗೆ ಹೇಳುತ್ತಿದ್ದರು. ಹೀಗೆ ಯಾವ ಸಂಘವಿಲ್ಲದೆ, ಯಾವ ಠರಾವಿಲ್ಲದೆ ಏಳು ಮರಗಳು ಎದ್ದವು.

ಹನ್ನೆರಡು ವರ್ಷಗಳಲ್ಲಿ ಆ ಜಾಗ ಬೇರೆಯೇ ಆಗಿಹೋಗಿತ್ತು. ಮಟಮಟ ಮಧ್ಯಾಹ್ನ ತರಕಾರಿ ಬಂಡಿಯವರು ಅಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಹೆಂಗಸರು ಮೊರ ತಂದು ಜೋಳ ಹಸನು ಮಾಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಮರದ ಬುಡಕ್ಕೆ ಮಂಗಳವಾರ, ಶುಕ್ರವಾರ ಅರಿಶಿನ ಕುಂಕುಮ ಬೀಳುತ್ತಿತ್ತು. ಬೇವು ಅಂದರೆ ಅಮ್ಮನ ಗಿಡ ತಾನೆ. ಯುಗಾದಿಗೆ ಇಡೀ ಬಡಾವಣೆಗೆ ಹೂವು, ತಳಿರು ಅಲ್ಲಿಂದಲೇ. ಮರಗಳ ನಡುವೆ ಗಾದಿ ಸಾಬರು ಬಿಲ್ಲು ತೂಗುಹಾಕಿಕೊಂಡು ಹತ್ತಿ ಹಿಂಜುತ್ತಿದ್ದರು. ಆ ನೆರಳು ಅವರ ಅಂಗಡಿ, ಕಾರ್ಖಾನೆ, ಎಲ್ಲ. ಅದೊಂದು ಇಲ್ಲದಿದ್ದರೆ ಬಳ್ಳಾರಿಯಲ್ಲಿ ಅವರಿಗೆ ಕೂತು ದುಡಿಯಲು ಮೊಳ ಜಾಗವಿರಲಿಲ್ಲ.

ಆದರೆ ಹತ್ತಿಯ ಧೂಳು ಅಷ್ಟರಲ್ಲಿ ಅವರ ಎದೆಗೂ ಇಳಿದಿತ್ತು. ದಿನಕ್ಕೆ ಎರಡು ಗಾದಿ ಮುಗಿಸುತ್ತಿದ್ದವರು ಎರಡು ದಿನಕ್ಕೊಂದು ಮುಗಿಸತೊಡಗಿದರು. ನಾಲ್ಕು ಸಲ ಹೊಡೆದು, ಬಿಲ್ಲು ಇಳಿಸಿ, ಮರಕ್ಕೆ ಒರಗಿ ಉಸಿರೆಳೆದುಕೊಳ್ಳುವುದನ್ನು ನಾನು ನೋಡಿದ್ದೆ. ನೋಡಿ ಸುಮ್ಮನಿರುವ ಬುದ್ಧಿ ದೇವರು ನನಗೆ ಕೊಡಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಎಲ್ಲಿ ನೋಡಿದರೂ ಗಿಡ ನೆಡಿ, ಗಿಡ ನೆಡಿ ಎಂಬ ಕೂಗು. ನಮ್ಮ ಕುರುಗೋಡಿನ ಸ್ಕೂಲಿಗೂ ಸಸಿ ಯೋಜನೆಯವರು ಜೀಪಿನಲ್ಲಿ ಬಂದರು. ಪ್ಲಾಸ್ಟಿಕ್ ಚೀಲದ ಸಸಿಗಳನ್ನು ಸಾಲಾಗಿ ಇಳಿಸಿ, ಬಂದಿದ್ದ ಸಾಹೇಬರು ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಮುಂದೆ ಭಾಷಣ ಮಾಡಿದರು. ಸಣ್ಣ ವಯಸ್ಸು, ನಗುಮುಖ, ಕೆಟ್ಟವರೇನಲ್ಲ. ಪಟ್ಟಣದ ಬಡಾವಣೆಯವರೂ ಸಂಘ ಮಾಡಿಕೊಂಡು ಅರ್ಜಿ ಹಾಕಿದರೆ ಸರ್ಕಾರ ಅನುದಾನ ಕೊಡುತ್ತದೆ ಎಂದರು. ಸಸಿ, ಸುತ್ತ ಬೇಲಿ, ಒಂದು ಸಿಮೆಂಟಿನ ನೀರಿನ ತೊಟ್ಟಿ, ಮೂರು ವರ್ಷ ತಿಂಗಳ ಪಗಾರದ ಮೇಲೆ ಒಬ್ಬ ಕಾವಲುಗಾರ. ಕಾವಲುಗಾರ ಎಂದ ಕೂಡಲೇ ನನಗೆ ಗಾದಿ ಸಾಬರು ನೆನಪಾದರು. ಕೂತಲ್ಲೇ ಕೂತು, ಕೆಮ್ಮದೆ, ತಾವು ಬೆಳೆಸಿದ ಮರಗಳಿಗೆ ನೀರು ಹಾಕಿ ತಿಂಗಳಿಗೊಮ್ಮೆ ಹೆಬ್ಬೆಟ್ಟು ಒತ್ತಿ ಪಗಾರ ತಗೊಳ್ಳಲಿ. ಇದಕ್ಕಿಂತ ಪುಣ್ಯದ ಅರ್ಜಿ ಯಾವುದಿದೆ ಎಂದುಕೊಂಡೆ.

ಸಂಜೆ ಹೋಗಿ ಅವರಿಗೆ ಹೇಳಿದೆ. ಅವರು ಹತ್ತಿ ಹಿಂಜುವುದನ್ನು ನಿಲ್ಲಿಸಿ ಕೇಳಿದರು.

"ನೀರು ಹೆಂಗೂ ಹಾಕಾಕತ್ತೀವಲ್ರಿ ಸಾರ್. ಅದಕ್ಕ ಸರ್ಕಾರ ಯಾಕ ಪಗಾರ ಕೊಡ್ತೈತಿ?"

ಏನೂ ತಿಳಿಯದ ಮನುಷ್ಯ ಎಂದು ನಾನು ನಕ್ಕೆ. ಆ ನಗುವಿಗೆ ಈಗ ನನ್ನ ಕೆನ್ನೆಗೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಅರ್ಜಿಗೆ ಸಂಘ ಬೇಕು, ಸಂಘಕ್ಕೆ ಅಧ್ಯಕ್ಷರು ಬೇಕು. ಬೀದಿಯ ಮೂಲೆಯ ದೊಡ್ಡ ಮನೆಯ ಹತ್ತಿ ವ್ಯಾಪಾರಿಗಳು ಅಧ್ಯಕ್ಷರಾದರು. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತೆಲುಗು, ಆಫೀಸುಗಳಲ್ಲಿ ನಗು: ಅವರಿಗೆ ಎಲ್ಲಿ ಯಾವ ಭಾಷೆ ಬೇಕೆಂದು ಗೊತ್ತಿತ್ತು. ನಾನು ಕಾರ್ಯದರ್ಶಿ. ಹೆಂಡತಿ, "ಏಳು ಗಿಡ ಬೆಳಿಯೂ ಮಟ ಅಧ್ಯಕ್ಷರು ಎಲ್ಲಿ ಹೋಗಿದ್ರು?" ಎಂದಳು. ನಾನು ಮೂರು ಪ್ರತಿ ಫಾರಂ ಹರಡಿಕೊಂಡು ಕೂತೆ.

ಫಾರಂನಲ್ಲಿ 'ಸ್ಥಳದ ಸದ್ಯದ ಸ್ಥಿತಿ' ಎಂಬ ಒಂದು ಅಂಕಣವಿತ್ತು. ಅದನ್ನು ನಾನು ಎಷ್ಟು ಅಕ್ಕರೆಯಿಂದ ತುಂಬಿದೆ ಎಂದರೆ, ಹೆಂಡತಿಯನ್ನು ಕರೆದು ಓದಿ ಹೇಳಿದೆ. ನಿವಾಸಿಗಳೇ ಸ್ವಂತ ಶ್ರಮದಿಂದ ಬೆಳೆಸಿದ ಹನ್ನೆರಡು ವರ್ಷದ ಏಳು ಬೇವಿನ ಮರಗಳಿವೆ, ನಡುವಿನ ಜಾಗದಲ್ಲಿ ಇನ್ನೂ ಸಸಿಗಳನ್ನು ನೆಡಲು ಅವಕಾಶವಿದೆ ಎಂದು ಬರೆದಿದ್ದೆ. ಮೊದಲ ಕೊಡದ ಕಟ್ಟಳೆಯನ್ನೂ ಸೇರಿಸಿದ್ದೆ. ಸರ್ಕಾರ ಇದನ್ನು ಓದಿ ಮೆಚ್ಚಿಕೊಳ್ಳುತ್ತದೆ ಎಂದೇ ನನ್ನ ನಂಬಿಕೆ.

ಸಾಹೇಬರು ಆ ತಿಂಗಳು ಸಿರುಗುಪ್ಪದ ಕಡೆ ಕ್ಯಾಂಪಿನಲ್ಲಿದ್ದರು. ಒಂದು ದಿನ ರಜೆ ಹಾಕಿ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದೆ. ಹಚ್ಚೊಳ್ಳಿಗೆ ಹೋಗಿದ್ದಾರೆ ಎಂದರು. ಬಸ್ಸು ತಪ್ಪಿತ್ತು, ಗೊಬ್ಬರದ ಚೀಲ ಹೇರಿದ್ದ ಟ್ರ್ಯಾಕ್ಟರಿನಲ್ಲಿ, ಪಂಚೆ ಮೊಣಕಾಲಿಗೆ ಕಟ್ಟಿ ಕೂತು, ಅರ್ಜಿಯನ್ನು ಎದೆಗವಚಿಕೊಂಡು ಹೋದೆ. ಆ ಕಡೆ ಕಾಲುವೆಯ ನೀರು, ಎರಡೂ ದಂಡೆಗೆ ಭತ್ತ. ನೀರಿದ್ದ ಕಡೆಯೇ ಸಸಿ ನೆಡಿಸುತ್ತಿದ್ದರು. ಕಾಲುವೆಯ ಏರಿಯ ಮೇಲೆ ಜೀಪು ನಿಂತಿತ್ತು. ಸಾಹೇಬರು ನನ್ನನ್ನು ಗುರುತು ಹಿಡಿದು, ಚಹಾ ತರಿಸಿ, ಅರ್ಜಿ ಓದಿದರು.

"ಅಕ್ಷರ ಭಾಳ ಚಲೋ ಅದಾವ್ರಿ ಮೇಷ್ಟ್ರೇ" ಎಂದರು ಮೊದಲು. ಆಮೇಲೆ, "ಆದ್ರ ಇದು ಆಗಂಗಿಲ್ಲ. ನಮ್ಮ ಯೋಜನಿ ಇರೂದು ಬಯಲು ಜಾಗಕ್ಕ. ಗಿಡ ಇರೋ ಜಾಗಕ್ಕ ಗಿಡ ಹಚ್ಚಾಕ ರೊಕ್ಕ ಯಾಕಂತ ಮ್ಯಾಲಿನವರು ಕೇಳ್ತಾರ" ಎಂದರು.

ನಾನು ವಾದ ಮಾಡಿದೆ. ಹನ್ನೆರಡು ವರ್ಷ ಯಾರನ್ನೂ ಕೇಳದೆ ಬೆಳೆಸಿದವರಿಗಲ್ಲವೇ ಮೊದಲು ಕೊಡಬೇಕಾದ್ದು ಎಂದೆ. ಅವರು ಪಾಪ, ತಲೆಯಾಡಿಸಿದರು.

"ನೀವು ಹೇಳೂದು ಖರೇನ್ರಿ. ಆದ್ರ ಫಾರಂನಾಗ ಅದಕ್ಕ ಜಾಗ ಇಲ್ಲ. ಒಂದು ಕೆಲಸ ಮಾಡ್ರಿ, ಬಯಲು ಅಂತ ಬರ್ಕೊಡ್ರಿ. ಕಳಸ್ತೀನಿ."

ಆಗ ನಾನು ಎದ್ದು ಬಂದಿದ್ದರೆ ಇವತ್ತು ಈ ಬರಹವೇ ಇರುತ್ತಿರಲಿಲ್ಲ. ಆದರೆ ನನ್ನ ಅರ್ಜಿ ವಾಪಸ್ ಬರುವುದು ಎಂದರೇನು? ಬೀದಿಗೆ ಹೋಗಿ ಏನೆಂದು ಮುಖ ತೋರಿಸಲಿ? ಒಂದು ಮಾತು ಬದಲಾದರೆ ಮರಗಳೇನು ಓಡಿಹೋಗುತ್ತವೆಯೇ, ಕಾಗದ ಕಾಗದವೇ, ನೆಲ ನೆಲವೇ ಎಂದು ಸಮಾಧಾನ ಮಾಡಿಕೊಂಡೆ. ಜೀಪಿನ ಬಾನೆಟ್ಟಿನ ಮೇಲೆ ಹೊಸ ಫಾರಂ ಇಟ್ಟು ಮೂರೂ ಪ್ರತಿ ಬರೆದೆ. ಸ್ಥಳದ ಸದ್ಯದ ಸ್ಥಿತಿ: ಬಯಲು. ಈಗಿರುವ ಮರಗಳು: ಇಲ್ಲ. ಸಹಿ ಹಾಕಿದೆ. ಸಹಿಯ ಕೆಳಗೆ, ಯಾರೂ ಕೇಳದಿದ್ದರೂ, ತೂಕ ಬರಲಿ ಎಂದು 'ಸರ್ಕಾರಿ ಹೈಸ್ಕೂಲಿನ ಉಪಾಧ್ಯಾಯರು, ಕುರುಗೋಡು' ಎಂದೂ ಬರೆದೆ. ಇದು ನಮ್ಮಂಥವರ ಹಳೆಯ ಚಾಳಿ. ಮದುವೆಯ ಕರೆಯೋಲೆಯಲ್ಲೂ ಹೆಸರಿನ ಕೆಳಗೆ ನೌಕರಿ ಬರೆಯದಿದ್ದರೆ ನಮಗೆ ಊಟ ಸೇರುವುದಿಲ್ಲ.

ಮೂರು ತಿಂಗಳು ಸುದ್ದಿಯಿಲ್ಲ. ಆಮೇಲೆ ಸಂಘದ ಅಧ್ಯಕ್ಷರಿಗೆ ಕಾಗದ ಬಂತು. ಮೇಲಿನ ಅಧಿಕಾರಿಗಳು ಸ್ಥಳ ಪರೀಕ್ಷೆಗೆ ಬರುತ್ತಾರೆ, ಬಯಲು ಜಾಗದ ಫೋಟೋ ತೆಗೆಯಲಾಗುತ್ತದೆ, ಅರ್ಜಿಗೆ ಸಹಿ ಮಾಡಿದವರು ಹಾಜರಿರಬೇಕು. ಅಧ್ಯಕ್ಷರು ನನ್ನನ್ನು ಮನೆಗೆ ಕರೆಸಿ, ಮಜ್ಜಿಗೆ ಕೊಟ್ಟು, ಕಾಗದವನ್ನು ಮುಂದಿಟ್ಟರು.

"ಬಯಲು ಅಂತ ಬರದೋರು ನೀವು ಮೇಷ್ಟ್ರೇ. ಕೆಳಗ ನೌಕರಿ ಬರದೋರೂ ನೀವ. ಏಳು ಗಿಡ ಕಂಡ್ರ ಅವರು ಗಿಡಕ್ಕ ಏನೂ ಮಾಡಂಗಿಲ್ಲ, ನಿಮಗ ಮಾಡ್ತಾರ. ಸರ್ಕಾರಿ ನೌಕರ ಸುಳ್ಳು ಬರ್ಕೊಟ್ಟಾನಂದ್ರ ಏನಾಕ್ಕೈತಿ ಅಂತ ನಿಮಗ ನಾನು ಹೇಳಬೇಕೇನ್ರಿ?"

ಮಜ್ಜಿಗೆಯ ಲೋಟ ಕೆಳಗಿಟ್ಟೆ. "ಮತ್ತ?" ಎಂದೆ.

"ಮತ್ತೇನು? ಏಳು ಹೋದ್ರ ಎಪ್ಪತ್ತು ಬರ್ತಾವ, ಬೇಲಿ ಬರ್ತೈತಿ, ತೊಟ್ಟಿ ಬರ್ತೈತಿ. ಸಾಬಗ ಪಗಾರ ಬರ್ತೈತಿ. ನೀವ ಅಲ್ಲೇನ್ರಿ ಅದನ್ನ ಹೇಳಿದ್ದು?"

ಅವರ ಹತ್ತಿ ಲಾರಿಗೆ ನಿಲ್ಲಲು ಜಾಗವಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡಿದರೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಅದನ್ನು ಹೇಳಿ ನಾನು ಕೈ ತೊಳೆದುಕೊಳ್ಳಲಾರೆ. ನನ್ನ ಮುಂದೆ ಇನ್ನೊಂದು ದಾರಿ ಇತ್ತು. ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ಒಂದೇ ಸಾಲು ಬರೆದು ಅಂಚೆಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ನೂರಾರು ಅರ್ಜಿ ಬರೆದ ಕೈಗೆ ಆ ಒಂದು ಸಾಲು ಬರಲಿಲ್ಲ. ನೌಕರಿಯ ಹೆದರಿಕೆ ಅರ್ಧ. ಬೀದಿಯ ಮುಂದೆ ಸಣ್ಣವನಾಗುವ ಹೆದರಿಕೆ ಇನ್ನರ್ಧ.

ಕಡಿಯುವವರು ಯಾರು? ಅಧ್ಯಕ್ಷರು ಕೊಡಲಿಯವನೊಬ್ಬನನ್ನು ಕರೆತಂದರು. ಅವನು ದೊಡ್ಡ ಮರದ ಬುಡದಲ್ಲಿ ಅರಿಶಿನ ಕುಂಕುಮ ನೋಡಿದ. ಕೊಡಲಿ ಕೆಳಗಿಟ್ಟು ಕೈಮುಗಿದ. "ಅಮ್ಮ ಕುಂತಾಳ್ರಿ, ನನಗ ಮಕ್ಕಳದಾವ" ಎಂದು ಮುಂಗಡ ವಾಪಸ್ ಕೊಟ್ಟು ಹೋದ. ಎರಡನೆಯವನೂ ಹಾಗೆಯೇ ಮಾಡಿದ. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಗ ಅಧ್ಯಕ್ಷರಿಗೆ ಒಂದು ಉಪಾಯ ಹೊಳೆಯಿತು. ಹಚ್ಚಿದವನೇ ಕಡಿಯಲಿ, ಸಾಬನಿಗೆ ನಮ್ಮ ಅಮ್ಮನ ದೋಷ ತಟ್ಟುವುದಿಲ್ಲ. ಸಂಘದ ಎಲ್ಲರೂ ತಲೆಯಾಡಿಸಿದರು. ನಮ್ಮಂಥ ದೈವಭಕ್ತರಿಗೆ ಪಾಪವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುವುದು ಎಷ್ಟು ಸಲೀಸು! ಆ ಮಾತನ್ನು ಅವರಿಗೆ ಮುಟ್ಟಿಸುವ ಕೆಲಸವೂ ನನಗೇ ಬಂತು.

ಗಾದಿ ಸಾಬರು ಒಂದು ಮಗುವಿನ ಹಾಸಿಗೆ ಹೊಲಿಯುತ್ತಿದ್ದರು. ನಾನು ಹೇಳುತ್ತ ಹೋದೆ, ಅವರು ಹೊಲಿಯುತ್ತ ಹೋದರು. ದಾರ ಕಡಿದು ಸೂಜಿಯನ್ನು ಟೋಪಿಗೆ ಸಿಕ್ಕಿಸಿಕೊಂಡ ಮೇಲೆ ಮಾತಾಡಿದರು.

"ನಿಮಗ್ಯಾರಿಗೂ ಪಾಪ ಬ್ಯಾಡ. ನನಗ ಇರ್ಲಿ ಅಂತೀರೇನ್ರಿ ಸಾರ್?"

ನಾನು ನೆಲಕ್ಕೆ ಉದುರಿದ್ದ ಹತ್ತಿಯನ್ನು ಹೆಕ್ಕತೊಡಗಿದೆ. ಅವರೇ ಮತ್ತೆ ಕೇಳಿದರು.

"ನಿಮ್ಮ ನೌಕರಿಗೆ ತೊಂದ್ರಿ ಆಕ್ಕೈತಂತ ಹೇಳ್ತಾರ. ಖರೇನ?"

"ಖರೆ" ಎಂದೆ.

ಅವರು ಏಳೂ ಮರಗಳನ್ನು ಒಂದೊಂದಾಗಿ ನೋಡಿದರು. "ಅರ್ಜಿ ವಾಪಸ್ ಬರಂಗಿಲ್ಲಲ್ಲ?"

"ಬರಂಗಿಲ್ಲ."

"ಹಂಗಾದ್ರ ಆತು ಬಿಡ್ರಿ" ಎಂದರು.

ಬುಧವಾರ ಗೊತ್ತುಮಾಡಿದೆವು. ಮಂಗಳವಾರ ಶುಕ್ರವಾರ ಬೇಡ ಎನ್ನುವಷ್ಟು ಶಾಸ್ತ್ರ ನಮಗೆ ಗೊತ್ತಿತ್ತು. ಅವರು ಬೆಳಿಗ್ಗೆ ಬಂದು ನಲ್ಲಿಯಲ್ಲಿ ನೀರು ಹಿಡಿದು, ಏಳೂ ಮರಗಳಿಗೆ ಒಂದೊಂದು ಕೊಡ ಹಾಕಿದರು. ಕಡಿಯುವ ಮರಕ್ಕೆ ನೀರೇಕೆ ಎಂದು ಅಧ್ಯಕ್ಷರ ಆಳು ನಕ್ಕ. ಆಗ ಮರಗಳು ಹೂವಿಗೆ ಬಂದಿದ್ದವು. ನಾಲ್ಕು ಏಟಿಗೊಮ್ಮೆ ಕೊಡಲಿ ಇಳಿಸಿ ಉಸಿರೆಳೆದುಕೊಂಡು, ಮತ್ತೆ ಎತ್ತಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಕುಂಬಾರನ ಕೈಗೇ ಬಂದಿತ್ತು. ಅವರು ಪ್ರತಿ ಮರವನ್ನೂ ಮೊಣಕಾಲೆತ್ತರಕ್ಕೆ ಬಿಟ್ಟು ಕಡಿಯುತ್ತಿದ್ದರು. ನಾನು ಹತ್ತಿರ ಹೋದೆ.

"ಬೇವು ಗಟ್ಟಿ ಐತ್ರಿ ಸಾರ್. ಬೊಡ್ಡಿ ಇದ್ರ ಮತ್ತ ಚಿಗೀತೈತಿ" ಎಂದು ಮೆಲ್ಲಗೆ ಹೇಳಿದರು. ಅಷ್ಟೊತ್ತೂ ಅವರು ಅದನ್ನೇ ನಂಬಿಕೊಂಡು ಕೊಡಲಿ ಎತ್ತಿದ್ದರು.

ಇಲ್ಲಿ ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಅಧ್ಯಕ್ಷರು ಊಟಕ್ಕೆ ಹೋಗಿದ್ದರು. ಬೊಡ್ಡೆ ಕಂಡರೆ ಮರ ಇತ್ತೆಂದು ಗೊತ್ತಾಗುತ್ತದೆ ಎಂದು ಹೇಳಿದವನು ನಾನು. ಬೇರು ಸಮೇತ ತೆಗೆಯಬೇಕು ಎಂದವನೂ ನಾನೇ. ಅವರು ಕೊಡಲಿಯನ್ನು ಬೊಡ್ಡೆಗೆ ಒರಗಿಸಿದರು. ಆಮೇಲೆ ಹಾರೆ ತರಲು ಹೋದರು. ಎಂಟು ದಿನ ಹಿಡಿಯಿತು. ಗುಂಡಿ ಮುಚ್ಚಿ, ಮೇಲೆ ಕಲ್ಲು ಹರಡಿ, ನೆಲವನ್ನು ನನ್ನ ಅರ್ಜಿಯಂತೆ ಮಾಡಿದೆವು.

ಸೌದೆಯನ್ನು ಬೀದಿಯವರು ಹಂಚಿಕೊಂಡರು. ಅಮ್ಮನ ಗಿಡ ಒಲೆಗೆ ಬರುವಾಗ ಯಾರಿಗೂ ದೋಷ ಕಾಣಲಿಲ್ಲ. ನಮ್ಮ ಪಾಲಿನ ಹೊರೆ ಹಿತ್ತಲಲ್ಲಿ ಬಿತ್ತು. ಹೆಂಡತಿ ಅದರಿಂದ ಒಂದು ಕಡ್ಡಿಯನ್ನೂ ಉರಿಸಲಿಲ್ಲ, ಗೆದ್ದಲು ತಿಂದಿತು. ಎರಡು ವಾರ ಕಳೆಯುವುದರೊಳಗೆ ಯುಗಾದಿ. ಬೇವು ಬೆಲ್ಲಕ್ಕೆ ಹೂವಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ನಮ್ಮ ಬೀದಿಯವರು ಬಜಾರಿಗೆ ಹೋಗಿ ಬೇವಿನ ತಳಿರು ಕೊಂಡರು. ನಾನು ಕೊಂಡು ತಂದದ್ದನ್ನು ಹೆಂಡತಿ ನೋಡಿ, "ನೀವು ತಿನ್ರಿ, ನನಗ ಈ ವರ್ಷದ ಕಹಿ ಮುಗದೈತಿ" ಎಂದಳು.

ಸ್ಥಳ ಪರೀಕ್ಷೆಯವರು ಬಿರುಬೇಸಿಗೆಯಲ್ಲೇ ಬಂದರು. ಎರಡು ಜೀಪು. ಹಚ್ಚೊಳ್ಳಿಯಲ್ಲಿ ಸಿಕ್ಕಿದ್ದ ಸಾಹೇಬರು ಹಿಂದೆ, ಅವರ ಮೇಲಿನ ಅಧಿಕಾರಿ ಮುಂದೆ. ಹೊತ್ತು ಹನ್ನೊಂದು, ನೆಲ ಕಾದ ಹಂಚಾಗಿತ್ತು. ನಿಲ್ಲಲು ನೆರಳಿಲ್ಲದೆ ಅಧಿಕಾರಿ ಕರವಸ್ತ್ರವನ್ನು ತಲೆಗೆ ಹಾಕಿಕೊಂಡರು. ಗಾದಿ ಸಾಬರು ಒಗೆದ ಅಂಗಿ ತೊಟ್ಟು, ಕಾವಲುಗಾರನ ಕೆಲಸಕ್ಕೆ ತೋರಿಸಿಕೊಳ್ಳಲು ಗೋಡೆಯ ಹತ್ತಿರ ನಿಂತಿದ್ದರು. ಫೋಟೋ ತೆಗೆದದ್ದಾಯಿತು. ಅಧಿಕಾರಿ ಬೂಟಿನಿಂದ ಕಲ್ಲು ಕೆದಕಿ ನೋಡಿದರು.

"ಬರೀ ಕಲ್ಲು. ನೀರೂ ದಿನ ಬಿಟ್ಟು ದಿನ ಅಂತೀರಿ. ಇಂಥ ಜಾಗದಾಗ ಗಿಡ ಬರ್ತಾವಂತ ಏನು ಗ್ಯಾರಂಟಿ? ಎಲ್ಲೆರ ಒಂದು ಗಿಡ ಬೆಳೆದದ್ದು ತೋರಿಸ್ರಿ ನೋಡೂಣು."

ಅಧ್ಯಕ್ಷರು ನನ್ನನ್ನು ನೋಡಿದರು, ನಾನು ಆ ಸಾಹೇಬರನ್ನು ನೋಡಿದೆ, ಅವರು ಜೀಪಿನ ಚಕ್ರ ನೋಡಿದರು. ಗಾದಿ ಸಾಬರು ಮಾತ್ರ ಒಂದು ಹೆಜ್ಜೆ ಮುಂದೆ ಬಂದು, "ಬರ್ತಾವ್ರಿ ಸಾಹೇಬ್ರ, ಇಲ್ಲೇ…" ಎಂದರು. ನಾನು ಅವರ ತೋಳು ಹಿಡಿದು ಹಿಂದಕ್ಕೆಳೆದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಬಂತು. ಸದರಿ ಸ್ಥಳವು ಮರ ಬೆಳೆಸಲು ಯೋಗ್ಯವಲ್ಲವಾದ್ದರಿಂದ ಅರ್ಜಿಯನ್ನು ಹಿಂದಿರುಗಿಸಲಾಗಿದೆ. ಜೊತೆಗೆ ಮೂರೂ ಪ್ರತಿಗಳು. ನನ್ನ ಅರ್ಜಿ ವಾಪಸ್ ಬಂದಿತ್ತು, ಒಂದಲ್ಲ, ಮೂರು ಸಲ.

ಬೀದಿ ಅದನ್ನು ಬೇಗ ಮರೆತಿತು. ಬಯಲಿನಲ್ಲಿ ಅಧ್ಯಕ್ಷರ ಲಾರಿ ನಿಲ್ಲತೊಡಗಿತು. ಸಂಘವಿದ್ದದ್ದೇ ಯಾರಿಗೂ ನೆನಪಿಲ್ಲ. ಹೆಂಗಸರು ಮಾತ್ರ ಕೆಲವು ತಿಂಗಳು, ಅಭ್ಯಾಸದ ಮೇಲೆ, ಕೆಂಪು ನೀರಿನ ಕೊಡ ಎತ್ತಿ ಆ ಕಡೆಗೆ ನಾಲ್ಕು ಹೆಜ್ಜೆ ಹೋಗಿ, ನಿಂತು, ಚರಂಡಿಗೆ ಚೆಲ್ಲುತ್ತಿದ್ದರು. ಗಾದಿ ಸಾಬರು ಗೋಡೆಗೆ ಗೋಣಿತಾಟು ಕಟ್ಟಿ ಕೂರಲು ನೋಡಿದರು. ಗಾಳಿಗೆ ಹತ್ತಿ ಹಾರಿ ಮನೆಮನೆಗೆ ಹೊಕ್ಕಿತು. ಮರಗಳಿದ್ದಾಗ ಎಲೆಗೆ ಸಿಕ್ಕಿಕೊಳ್ಳುತ್ತಿದ್ದ ಅದೇ ಹತ್ತಿ ಈಗ ಅನ್ನದಲ್ಲಿ ಬೀಳುತ್ತದೆ ಎಂದು ಜನ ಬೈದರು. ನಮ್ಮ ಜಗುಲಿಗೆ ಬನ್ನಿ ಎಂದೆ. "ಬ್ಯಾಡ ಬಿಡ್ರಿ ಸಾರ್" ಎಂದಷ್ಟೇ ಹೇಳಿ ಹೋದರು. ಬಿಲ್ಲನ್ನು ಯಾರಿಗೋ ಕೊಟ್ಟುಬಿಟ್ಟರೆಂದು ಆಮೇಲೆ ಕೇಳಿದೆ.

ನಾಲ್ಕು ವರ್ಷಗಳ ಮೇಲೆ ಒಂದು ಸಂಜೆ ನಾನು ಕುರುಗೋಡಿನಿಂದ ಬರುವಾಗ ಅವರು ನಮ್ಮ ಜಗುಲಿಯ ಮೇಲೆ ಕುಳಿತಿದ್ದರು. ಮೈ ಅರ್ಧಕ್ಕಿಳಿದಿತ್ತು. ಹೆಂಡತಿ ನೀರು ಕೊಟ್ಟು ಪಕ್ಕದಲ್ಲಿ ನಿಂತಿದ್ದಳು. ಕೈಯಲ್ಲಿ ವೃದ್ಧಾಪ್ಯ ವೇತನದ ಫಾರಂ. ಇಷ್ಟು ವರ್ಷ ನಾನು ಅವರ ಎದುರಿಗೆ ಬೀಳದಂತೆ ದಾರಿ ಬದಲಿಸಿ ಓಡಾಡಿದ್ದೆ.

"ಬ್ಯಾರೆ ಯಾರರ ಬರೀತಿದ್ರು. ಆದ್ರ ನಿಮ್ಮಷ್ಟು ಚಲೋ ಅಕ್ಷರ ಯಾರವೂ ಇಲ್ರಿ ಸಾರ್" ಎಂದರು. ಕೊಂಕಿನ ಮಾತೇನಲ್ಲ. ಕೊಂಕು ಅವರಿಗೆ ಬರುತ್ತಿರಲಿಲ್ಲ. ಹಾಗಾಗಿಯೇ ಅದು ನನಗೆ ಹೆಚ್ಚು ನಾಟಿತು.

ಬರೆಯಲು ಕೂತೆ. ವಯಸ್ಸು, ವಾಸ, ಮಕ್ಕಳು. ಕಸುಬು ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಇಲ್ಲ ಅಂತ ಬರೀರಿ" ಎಂದರು. ಮುಂದಿನ ಅಂಕಣ ಆಸ್ತಿಯದು. ಹೊಲ, ಮನೆ, ಮರಗಿಡ ಏನಿದ್ದರೂ ಬರೆಯಬೇಕಿತ್ತು. ನನ್ನ ಕೈ ನಿಂತಿತು. ಅವರು ಬಗ್ಗಿ, ಓದಲು ಬಾರದ ಆ ಸಾಲನ್ನೇ ನೋಡುತ್ತ, ಅದು ಏನೆಂದು ಕೇಳಿದರು. ಹೇಳಿದೆ.

"ಅದಕ್ಕೂ ಇಲ್ಲ ಅಂತ ಬರೀರಿ ಸಾರ್" ಎಂದರು. ಆಮೇಲೆ, ನನಗೆ ಸಮಾಧಾನ ಹೇಳುವವರಂತೆ, "ಹೆದರಬ್ಯಾಡ್ರಿ. ಈ ಸಲ ಅದನ್ನ ಖರೆ ಮಾಡಾಕ ಏನೂ ಕಡಿಯೂದು ಬೇಕಾಗಿಲ್ಲ" ಎಂದರು.

ಹೆಂಡತಿ ಒಳಗೆ ಹೋದಳು. ನಾನು ಇಲ್ಲ ಎಂದು ಬರೆದೆ. ಅಕ್ಷರ ಕೆಡಲಿಲ್ಲ. ಅವರು ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಫಾರಂ ಮಡಿಸಿ ಜೇಬಿನಲ್ಲಿಟ್ಟುಕೊಂಡು ಸಂಜೆಯ ಬಿಸಿಲಿಗೆ ಇಳಿದರು.